ಓರಗೆಯವರ ಕಣ್ಣೆದುರಿನ ಮಿದುಳು

ಅಮೆರಿಕದ ಮನೋವಿಜ್ಞಾನಿ ಕಿಪ್ ವಿಲಿಯಮ್ಸ್ ಒಮ್ಮೆ ತಮ್ಮ ನಾಯಿಯೊಡನೆ ಉದ್ಯಾನದಲ್ಲಿ ಕುಳಿತಿದ್ದಾಗ ಫ್ರಿಸ್ಬಿ ತಟ್ಟೆಯೊಂದು ಉರುಳಿಬಂದು ಅವರಿಗೆ ತಾಗಿತು. ಆಡುತ್ತಿದ್ದವರು ಇಬ್ಬರು ಅಪರಿಚಿತರು. ವಿಲಿಯಮ್ಸ್ ತಟ್ಟೆಯನ್ನು ಅವರತ್ತ ಎಸೆದರು, ಅವರು ಮತ್ತೆ ಇವರತ್ತ ಎಸೆದರು, ಹೀಗೆ ಸ್ವಲ್ಪ ಹೊತ್ತು ಮೂವರ ಆಟ ನಡೆಯಿತು. ಆಮೇಲೆ ಒಂದು ಮಾತೂ ಆಡದೆ ಆ ಇಬ್ಬರು ತಮ್ಮತಮ್ಮಲ್ಲೇ ಎಸೆದಾಡತೊಡಗಿದರು. ಹೆಸರೂ ಗೊತ್ತಿಲ್ಲದವರು ತಟ್ಟೆ ಎಸೆಯುವುದನ್ನು ನಿಲ್ಲಿಸಿದ್ದಕ್ಕೆ ತಮ್ಮ ಮನಸ್ಸು ಇಷ್ಟೊಂದು ಮುದುಡಿದ್ದೇಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಅದರಿಂದ ಹುಟ್ಟಿದ್ದು 'ಸೈಬರ್‌ಬಾಲ್' ಎಂಬ ಪ್ರಯೋಗ. ಪರದೆಯ ಮೇಲೆ ಮೂರು ಗೊಂಬೆಗಳು ಚೆಂಡೆಸೆದಾಡುತ್ತವೆ. ಅವುಗಳಲ್ಲಿ ಒಂದು ಪ್ರಯೋಗಕ್ಕೆ ಬಂದವರದು, ಉಳಿದೆರಡನ್ನು ಬೇರೆಲ್ಲೋ ಕುಳಿತ ಇಬ್ಬರು ಆಡಿಸುತ್ತಿದ್ದಾರೆಂದು ಅವರಿಗೆ ಹೇಳಲಾಗಿರುತ್ತದೆ, ನಿಜದಲ್ಲಿ ಆಡಿಸುವುದು ಕಂಪ್ಯೂಟರು. ಕೆಲವು ಎಸೆತಗಳ ನಂತರ ಚೆಂಡು ಇವರತ್ತ ಬರುವುದು ನಿಂತುಹೋಗುತ್ತದೆ. ಅಷ್ಟು ಸಾಕು, ಮನಸ್ಸು ಕುಗ್ಗುತ್ತದೆ. ಎದುರಿಗಿರುವುದು ಬರೀ ಯಂತ್ರವೆಂದು ಮೊದಲೇ ತಿಳಿಸಿದಾಗಲೂ ಅದು ಕುಗ್ಗಿತೆಂಬುದು ಈ ಸಂಶೋಧನೆಯ ಅತಿ ವಿಚಿತ್ರ ಭಾಗವೆಂದು ನನಗನ್ನಿಸುತ್ತದೆ.

ಲಂಡನ್ನಿನ ನರವಿಜ್ಞಾನಿ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಆಟವನ್ನು ಹದಿಹರೆಯದ ಹುಡುಗಿಯರಿಗೂ ವಯಸ್ಕ ಮಹಿಳೆಯರಿಗೂ ಆಡಿಸಲಾಯಿತು. ಚೆಂಡು ಬಾರದಿದ್ದಾಗ ಹುಡುಗಿಯರ ಮನಸ್ಸು ವಯಸ್ಕರದಕ್ಕಿಂತ ಹೆಚ್ಚು ಕುಸಿಯಿತು. 'ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಅಳುತ್ತೀಯಾ' ಎಂದು ಮಕ್ಕಳನ್ನು ಕೇಳುವ ಹಿರಿಯರು ಗಮನಿಸಬೇಕಾದದ್ದು ಇಲ್ಲಿದೆ: ವಿಷಯ ಒಂದೇ ಆದರೂ ಅದರ ತೂಕ ಇಬ್ಬರಿಗೂ ಒಂದೇ ಅಲ್ಲ.

ಹದಿಹರೆಯದವರ ಸಮಸ್ಯೆಗಳೆಂದು ನಾವು ಎಣಿಸುವ ಸಿಗರೇಟು, ಕುಡಿತ, ಅತಿವೇಗದ ಚಾಲನೆ, ಸಹಪಾಠಿಯ ಮೇಲಿನ ದಬ್ಬಾಳಿಕೆ, ಜಾಲತಾಣದ ಗೀಳು ಮೊದಲಾದವನ್ನೆಲ್ಲ ವಿವರಿಸಲು ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ಅವರಿಗೆ ಅಪಾಯದ ಅರಿವಿಲ್ಲ, ತಿಳಿಹೇಳಿದರೆ ಸರಿಹೋಗುತ್ತದೆ. ಈ ಉತ್ತರ ತಪ್ಪಿರಬಹುದೆಂಬ ಸೂಚನೆ ಬಂದದ್ದು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಿಂದ. ಪರದೆಯ ಮೇಲೆ ಕಾರೊಂದು ಓಡುತ್ತದೆ, ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಮುಂದೆ ಹೋದಷ್ಟೂ ಅಂಕ ಹೆಚ್ಚು. ಆದರೆ ದೀಪ ಯಾವ ಕ್ಷಣದಲ್ಲಾದರೂ ಕೆಂಪಾಗಬಹುದು, ಆಗ ಎದುರಿಗೆ ಗೋಡೆ ಎದ್ದರೆ ಗಳಿಸಿದ್ದೆಲ್ಲ ಹೋಯಿತು. 13ರಿಂದ 16ರ ವಯಸ್ಸಿನವರು, 18ರಿಂದ 22ರವರು ಮತ್ತು 24 ದಾಟಿದವರು ಈ ಆಟವನ್ನು ಕೆಲವರು ಒಂಟಿಯಾಗಿ, ಕೆಲವರು ಓರಗೆಯ ಇಬ್ಬರು ನೋಡುತ್ತಿರುವಾಗ ಆಡಿದರು. ಒಂಟಿಯಾಗಿದ್ದಾಗ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಜೊತೆಗಾರರು ಪಕ್ಕದಲ್ಲಿದ್ದಾಗ ವಯಸ್ಕರು ಮೊದಲಿನಂತೆಯೇ ಆಡಿದರೆ, ಚಿಕ್ಕವರು ಕೈಗೊಂಡ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಯಿತು. ನಿಯಮಗಳು ಅವೇ ಆಗಿದ್ದವು, ಗೋಡೆಯ ಬಗೆಗಿನ ತಿಳಿವಳಿಕೆಯೂ ಅಷ್ಟೇ ಇತ್ತು. ಬದಲಾದದ್ದು ನೋಡುವ ಕಣ್ಣುಗಳಷ್ಟೆ.

ಆರು ವರ್ಷಗಳ ನಂತರ ಅದೇ ವಿಶ್ವವಿದ್ಯಾಲಯದ ಜೇಸನ್ ಚೈನ್ ಮತ್ತು ತಂಡದವರು ಇಂಥದೇ ಆಟವನ್ನು ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಆಡಿಸಿದರು. ಗೆಳೆಯರು ಇನ್ನೊಂದು ಕೋಣೆಯಿಂದ ನೋಡುತ್ತಿದ್ದಾರೆಂದು ತಿಳಿದಾಗ ಹದಿಹರೆಯದವರ ಮಿದುಳಿನಲ್ಲಿ ಹೆಚ್ಚು ಚುರುಕಾದದ್ದು, ಸಿಹಿ, ಹಣ, ಹೊಗಳಿಕೆಯಂಥ ಪ್ರತಿಫಲಗಳಿಗೆ ಮಿಡಿಯುವ ಒಳಭಾಗ. ಈ ಭಾಗ ಪ್ರಾಯ ಬರುತ್ತಿದ್ದಂತೆಯೇ ಸೂಕ್ಷ್ಮವಾಗುತ್ತದೆ. ಲಗಾಮು ಹಿಡಿಯಬೇಕಾದ ಹಣೆಯ ಹಿಂದಿನ ಪ್ರೀಫ್ರಾಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ. ಇಂಥ ಪ್ರಯೋಗಗಳಲ್ಲಿ ಭಾಗವಹಿಸಿದವರು ಕೆಲವೇ ಮಂದಿಯಾದ್ದರಿಂದ ಮಿದುಳಿನ ಚಿತ್ರಗಳನ್ನು ನೆಚ್ಚಿ ಬಹಳ ದೂರ ಹೋಗುವುದು ಸರಿಯಲ್ಲ. ಆದರೆ 2014ರಲ್ಲಿ ಇದೇ ಬಳಗ ಇಲಿಗಳ ಮೇಲೆ ನಡೆಸಿದ ಪ್ರಯೋಗ ನಗು ಬರಿಸಿದರೂ ಯೋಚನೆಗೆ ಹಚ್ಚುವಂಥದ್ದು: ಎಳೆಪ್ರಾಯದ ಇಲಿಗಳು ಓರಗೆಯ ಇಲಿಗಳ ಜೊತೆಗಿದ್ದಾಗ ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಮದ್ಯ ಕುಡಿದವು, ಬೆಳೆದ ಇಲಿಗಳಲ್ಲಿ ಈ ವ್ಯತ್ಯಾಸ ಇರಲಿಲ್ಲ. ಇಲಿಗಳ ಲೋಕದಲ್ಲಿ ಯಾರೂ ಯಾರನ್ನೂ ಹೇಡಿಯೆಂದು ಹೀಯಾಳಿಸಿರಲಾರರು. ಹಾಗಾದರೆ 'ಗೆಳೆಯರು ಒತ್ತಾಯಿಸಿದರು' ಎಂಬ ವಿವರಣೆ ಅರ್ಧವೇ ನಿಜ. ಒತ್ತಾಯವೇ ಇಲ್ಲದಿದ್ದರೂ ಅವರು ಪಕ್ಕದಲ್ಲಿರುವುದೇ ಮುಂದಿರುವುದರ ರುಚಿಯನ್ನು ಏರಿಸಿಬಿಡುತ್ತದೆ.

ಹಿಂದೆ ಆ ಕಣ್ಣುಗಳು ಮನೆಯ ಬಾಗಿಲಲ್ಲಿ ನಿಂತುಬಿಡುತ್ತಿದ್ದವು. ಈಗ ಅವು ಫೋನಿನೊಳಗೆ ಕುಳಿತು ಮಲಗುವ ಕೋಣೆಯವರೆಗೂ ಬರುತ್ತವೆ, ಮೆಚ್ಚಿದವರ ಲೆಕ್ಕವನ್ನೂ ಚಿತ್ರದ ಕೆಳಗೆ ಅಂಕಿಯಲ್ಲಿ ತೋರಿಸುತ್ತವೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಾರೆನ್ ಶೆರ್ಮನ್ ಮತ್ತು ಸಂಗಡಿಗರು 13ರಿಂದ 18ರ ವಯಸ್ಸಿನವರಿಗೆ ಇನ್‌ಸ್ಟಾಗ್ರಾಮ್ ಮಾದರಿಯಲ್ಲಿ ಚಿತ್ರಗಳನ್ನು ತೋರಿಸಿದರು. 2016ರಲ್ಲಿ ಇದರ ವರದಿ ಬಂತು. ಲೈಕ್‌ಗಳ ಸಂಖ್ಯೆಯನ್ನು ಇಟ್ಟವರು ಸಂಶೋಧಕರೇ: ಒಂದೇ ಚಿತ್ರ ಅರ್ಧ ಜನರಿಗೆ ಬಹಳ ಲೈಕ್‌ಗಳೊಂದಿಗೆ, ಉಳಿದರ್ಧಕ್ಕೆ ಕೆಲವೇ ಲೈಕ್‌ಗಳೊಂದಿಗೆ ಕಾಣಿಸಿತು. ಅಂಕಿ ದೊಡ್ಡದಿದ್ದಾಗ ಅವರೂ ಲೈಕ್ ಒತ್ತುವ ಸಾಧ್ಯತೆ ಹೆಚ್ಚಿತು. ಸಿಗರೇಟು, ಮದ್ಯದ ಚಿತ್ರಗಳ ವಿಷಯದಲ್ಲೂ ಹಾಗೆಯೇ ಆಯಿತು. ಉದ್ಯಾನದ ಫ್ರಿಸ್ಬಿ ಆಟಕ್ಕೆ ಸಂಜೆಯಾದರೆ ಕೊನೆಯಿತ್ತು, ಈ ಚೆಂಡಾಟಕ್ಕೆ ಅದೂ ಇಲ್ಲ.

ಸಮಾಜ ಇದಕ್ಕೆಲ್ಲ ಕೊಟ್ಟ ಉತ್ತರ ಬಹುಮಟ್ಟಿಗೆ ಉಪದೇಶ. 1983ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆರಂಭವಾದ 'ಡೇರ್' ಕಾರ್ಯಕ್ರಮದಲ್ಲಿ ಪೊಲೀಸರು ತರಗತಿಗೆ ಬಂದು ಮಾದಕ ವಸ್ತುಗಳ ಅಪಾಯವನ್ನು ವಿವರಿಸುತ್ತಿದ್ದರು. ಅದು ದೇಶದುದ್ದಕ್ಕೂ ಹಬ್ಬಿತು, ಪೋಷಕರ ಮೆಚ್ಚುಗೆಯನ್ನೂ ಪಡೆಯಿತು. ಆದರೆ ಮಕ್ಕಳ ನಡವಳಿಕೆಯ ಮೇಲೆ ಅದರ ಪರಿಣಾಮ ತೀರಾ ಅಲ್ಪವೆಂದು ಮತ್ತೆಮತ್ತೆ ನಡೆದ ಮೌಲ್ಯಮಾಪನಗಳು ತೋರಿಸಿದವು. ನ್ಯೂಜಿಲೆಂಡ್ ಹಿಡಿದದ್ದು ಬೇರೆ ದಾರಿ. 1987ರಲ್ಲಿ ಅಲ್ಲಿ ಜಾರಿಗೆ ಬಂದ ಹಂತಹಂತದ ಚಾಲನಾ ಪರವಾನಗಿಯಲ್ಲಿ ಹೊಸ ಚಾಲಕರು ಮೊದಲ ಅವಧಿಯಲ್ಲಿ ರಾತ್ರಿ ಒಬ್ಬರೇ ಓಡಿಸುವುದಕ್ಕೂ ಗೆಳೆಯರನ್ನು ಕೂರಿಸಿಕೊಳ್ಳುವುದಕ್ಕೂ ನಿರ್ಬಂಧವಿತ್ತು. ಹದಿನಾರು, ಹದಿನೇಳರ ಚಾಲಕರ ಕಾರಿನಲ್ಲಿ ಪ್ರಯಾಣಿಕರು ಹೆಚ್ಚಿದಂತೆ ಸಾವಿನ ಅಪಾಯವೂ ಏರುತ್ತದೆಂದು ಅಮೆರಿಕದ ಅಪಘಾತ ದಾಖಲೆಗಳೇ ಹೇಳುತ್ತವೆ. ಅಲ್ಲಿನ ಹಲವು ರಾಜ್ಯಗಳೂ ಇಂಥ ಕಾನೂನು ತಂದವು. ಚಾಲಕನ ಮನಸ್ಸನ್ನು ತಿದ್ದುವ ಗೋಜಿಗೆ ಹೋಗದೆ, ಪಕ್ಕದ ಆಸನವನ್ನು ಕೆಲವು ತಿಂಗಳ ಕಾಲ ಖಾಲಿ ಇರಿಸುವ ಉಪಾಯವಿದು.

ಆದರೆ ಶಾಲೆಯಲ್ಲಿ ಆಸನಗಳನ್ನು ಖಾಲಿ ಇರಿಸಲಾಗದು. ಅಲ್ಲಿ ಸಹವಾಸವನ್ನೇ ಬಳಸಿಕೊಂಡವರು ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಪಾಲಕ್ ಮತ್ತು ಜೊತೆಗಾರರು. ನ್ಯೂಜೆರ್ಸಿಯ 56 ಮಾಧ್ಯಮಿಕ ಶಾಲೆಗಳ ಮಕ್ಕಳಿಗೆ ಅವರು ಕೇಳಿದ್ದು ಸರಳ ಪ್ರಶ್ನೆ: ಇತ್ತೀಚೆಗೆ ನೀನು ಹೆಚ್ಚು ಸಮಯ ಕಳೆದದ್ದು ಯಾರ ಜೊತೆ? ಉತ್ತರಗಳಿಂದ ಇಡೀ ಶಾಲೆಯ ಒಡನಾಟದ ನಕ್ಷೆ ಸಿದ್ಧವಾಯಿತು. ಶಾಲೆಗಳಲ್ಲಿ ಅರ್ಧವನ್ನು ಚೀಟಿಯೆತ್ತಿದಂತೆ ಆರಿಸಿ, ಪ್ರತಿಯೊಂದರಲ್ಲೂ ಮಕ್ಕಳ ಒಂದು ಸಣ್ಣ ತಂಡವನ್ನು ಅದೇ ರೀತಿ ಆರಿಸಿ ಕರೆದರು. ಅವರಿಗೆ ಪಾಠವನ್ನೇನೂ ಒಪ್ಪಿಸಲಿಲ್ಲ. ತಮ್ಮ ಶಾಲೆಯಲ್ಲಿ ಯಾವ ಬಗೆಯ ಜಗಳ, ಗೇಲಿ, ದಬ್ಬಾಳಿಕೆ ನಡೆಯುತ್ತಿದೆ ಎಂಬುದನ್ನು ಅವರೇ ಗುರುತಿಸಿದರು, ಭಿತ್ತಿಪತ್ರಗಳ ಮಾತನ್ನೂ ಅವರೇ ಬರೆದರು. ಜಗಳ ಬಿಡಿಸಿದ ಅಥವಾ ಯಾರಿಗಾದರೂ ನೆರವಾದ ಸಹಪಾಠಿ ಕಣ್ಣಿಗೆ ಬಿದ್ದರೆ ಒಂದು ಕೈಪಟ್ಟಿ ಕೊಡುವುದು ಅವರ ಕೆಲಸಗಳಲ್ಲೊಂದಾಗಿತ್ತು. ಒಂದು ವರ್ಷದಲ್ಲಿ ಆ ಶಾಲೆಗಳಲ್ಲಿ ಮಕ್ಕಳ ನಡುವಿನ ಜಗಳಕ್ಕಾಗಿ ದಾಖಲಾದ ಶಿಸ್ತಿನ ಪ್ರಕರಣಗಳು ಉಳಿದ ಶಾಲೆಗಳಿಗೆ ಹೋಲಿಸಿದರೆ 30 ಪ್ರತಿಶತ ಕಡಿಮೆಯಾದವು. ಪರಿಣಾಮ ಹೆಚ್ಚು ಕಂಡದ್ದು, ನಕ್ಷೆಯಲ್ಲಿ ಅತಿ ಹೆಚ್ಚು ಜನರು ಹೆಸರಿಸಿದ ಮಕ್ಕಳು ತಂಡದಲ್ಲಿ ಹೆಚ್ಚಿದ್ದ ಕಡೆ. ಆ ಹೆಸರುಗಳನ್ನು ಕೊಟ್ಟವರು ಶಿಕ್ಷಕರಲ್ಲ, ಮಧ್ಯಾಹ್ನದ ಬಿಡುವಿನಲ್ಲಿ ಅವರ ಪಕ್ಕದಲ್ಲಿ ಕೂರುತ್ತಿದ್ದ ಮಕ್ಕಳು.