ಗುರು ಮಾಡಿದ ಹಾಗೇ ಮಾಡಿದರೆ ಮಾತ್ರ ಗುರುವಿಗೆ ಗೌರವವೇ?

ಪ್ರಶ್ನೆ: ತೈಚಿಯಲ್ಲಿ ಗುರುಪರಂಪರೆ ಬಹಳ ಮುಖ್ಯ ಅಂತಾರೆ. ಹಾಗಿದ್ದ ಮೇಲೆ ಚೆನ್, ಯಾಂಗ್, ವೂ, ಸುನ್ ಅಂತ ಇಷ್ಟೊಂದು ಶೈಲಿಗಳು ಹೇಗೆ ಬಂದವು? ಗುರು ಕಲಿಸಿದ್ದನ್ನು ಶಿಷ್ಯ ಬದಲಿಸಿದರೆ ಅದು ಗುರುವಿಗೆ ಅವಮಾನ ಅಲ್ವಾ?

ಬದಲಿಸಿದರೆ ಅವಮಾನ ಅಲ್ಲ. ಯಾರಿಂದ ಕಲಿತೆ ಅನ್ನೋದನ್ನು ಮುಚ್ಚಿಟ್ಟರೆ ಅವಮಾನ. ಚೀನಾದ ಈ ಸಮರಕಲೆಗಳಲ್ಲಿ ಗುರುವಿನ ಋಣ ತೀರಿಸುವ ರೀತಿ ನಾವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಬೇರೆ. ಇದಕ್ಕೆ ಸುನ್ ಶೈಲಿ ಕಟ್ಟಿದ ಸುನ್ ಲುತಾಂಗ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸುನ್ ಹುಟ್ಟಿದ್ದು 1860ರಲ್ಲಿ, ಉತ್ತರ ಚೀನಾದ ಹೆಬೈ ಪ್ರಾಂತ್ಯದ ಒಂದು ಬಡ ಮನೆಯಲ್ಲಿ. ತಂದೆ ಬೇಗ ತೀರಿಕೊಂಡರು. ಹುಡುಗ ಬಾವೊಡಿಂಗ್ ಊರಿನಲ್ಲಿ ಬರೆಯುವ ಕುಂಚ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿದ್ದಾಗ ಲಿ ಕುಯಿಯುವಾನ್ ಅವರ ಹತ್ತಿರ ಶಿಂಗ್ಯಿ ಎಂಬ ಸಮರಕಲೆ ಕಲಿಯಲು ಶುರು ಮಾಡಿದ. ಮುಂದೆ ಲಿ ತಮ್ಮ ಸ್ವಂತ ಗುರು ಗುವೊ ಯುನ್‌ಶೆನ್ ಬಳಿಗೇ ಹುಡುಗನನ್ನು ಕಳಿಸಿದರು. ‘ಇವನು ನನ್ನ ಶಿಷ್ಯ, ಬೇರೆ ಕಡೆ ಬಿಡಲ್ಲ’ ಅಂತ ಅವರು ಹಟ ಹಿಡಿಯಲಿಲ್ಲ. ಆಮೇಲೆ ಸುನ್ ಬೀಜಿಂಗ್‌ನಲ್ಲಿ ಚೆಂಗ್ ತಿಂಗ್‌ಹುವಾ ಅವರಿಂದ ಬಾಗುವಾ ಎಂಬ ಇನ್ನೊಂದು ಸಮರಕಲೆ ಕಲಿತರು. ಈ ಚೆಂಗ್ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವರು. ಜನ ಅವರನ್ನು ‘ಕನ್ನಡಕದ ಚೆಂಗ್’ ಅಂತಲೇ ಕರೆಯುತ್ತಿದ್ದರು.

ತೈಚಿ ಬಂದದ್ದು ಕೊನೆಗೆ. ಸುನ್ ಅವರಿಗೆ ಆಗಲೇ ಐವತ್ತು ದಾಟಿತ್ತು, ಬೀಜಿಂಗ್‌ನಲ್ಲಿ ದೊಡ್ಡ ಹೆಸರೂ ಇತ್ತು. ಅದೇ ಊರಿಗೆ ಬಂದಿದ್ದ ಹಾವ್ ವೈಜೆನ್ ಎಂಬ ತೈಚಿ ಗುರು ಕಾಯಿಲೆ ಬಿದ್ದರು. ಸುನ್ ಆ ಗುರುವನ್ನು ಕರೆತಂದು ಆರೈಕೆ ಮಾಡಿದರು, ಔಷಧಿಯ ವ್ಯವಸ್ಥೆ ಮಾಡಿದರು. ಚೇತರಿಸಿಕೊಂಡ ಹಾವ್, ಋಣ ತೀರಿಸಲು ತಮಗೆ ಗೊತ್ತಿದ್ದ ತೈಚಿ ಹೇಳಿಕೊಟ್ಟರು. ಹೆಸರು ಮಾಡಿದ ಮೇಷ್ಟ್ರು ಆ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ನಿಲ್ಲುವುದು ಸುಮ್ನೆ ಮಾತಲ್ಲ.

ಕಲಿತದ್ದನ್ನು ಸುನ್ ಹಾಗೇ ಇಟ್ಟರಾ? ಇಲ್ಲ. ಸುನ್ ಶೈಲಿಯ ಹೆಜ್ಜೆಯನ್ನು ನೋಡಿ. ಬಲಗಾಲು ಮುಂದೆ ಹೋದರೆ ಎಡಗಾಲು ಹಿಂದೆಯೇ ಉಳಿಯುವುದಿಲ್ಲ. ತಾನೂ ಜೊತೆಗೆ ಬಂದು ಬಲಗಾಲಿನ ಹಿಂದೆ ಬೆರಳ ತುದಿ ಊರುತ್ತದೆ. ಹಿಂದಕ್ಕೆ ಸರಿದಾಗಲೂ ಅಷ್ಟೇ, ಒಂದು ಕಾಲು ಸರಿದರೆ ಇನ್ನೊಂದು ಹಿಂಬಾಲಿಸುತ್ತದೆ. ಇದು ಶಿಂಗ್ಯಿಯಿಂದ ಬಂದ ನಡೆ. ಮೈ ತಿರುಗಿಸುವ ಚುರುಕು ಬಾಗುವಾದ್ದು. ದಿಕ್ಕು ಬದಲಿಸುವ ಕಡೆಗಳಲ್ಲಿ ಎರಡೂ ಅಂಗೈ ಎದೆಯ ಮುಂದೆ ಎದುರುಬದುರಾಗಿ ನಿಲ್ಲುತ್ತವೆ. ಭುಜದಷ್ಟು ಅಗಲಕ್ಕೆ ತೆರೆಯುತ್ತವೆ, ಮತ್ತೆ ಮುಖದಷ್ಟು ಅಗಲಕ್ಕೆ ಹತ್ತಿರ ಬರುತ್ತವೆ. ಈ ತೆರೆಯುವ-ಮುಚ್ಚುವ ಗುಣ ಹಾವ್ ಕಲಿಸಿದ ತೈಚಿಯದ್ದು. ಮೂರೂ ಕಲೆಗಳು ಒಂದೇ ಮೈಯಲ್ಲಿ ಕಾಣುತ್ತವೆ, ಆದರೆ ಇದು ಮೂರರಲ್ಲಿ ಯಾವುದರ ನಕಲೂ ಅಲ್ಲ.

ಹಾಗಂತ ‘ಇದೆಲ್ಲ ನಾನೇ ಕಂಡುಹಿಡಿದದ್ದು’ ಅಂತ ಸುನ್ ಹೇಳಿಕೊಳ್ಳಲಿಲ್ಲ. ಶಿಂಗ್ಯಿ ಬಗ್ಗೆ 1915ರಲ್ಲಿ ಪುಸ್ತಕ ತಂದರು, ತೈಚಿಯದ್ದು 1921ರಲ್ಲಿ ಅಚ್ಚಾಯಿತು. ತೈಚಿ ಪುಸ್ತಕದಲ್ಲಿ ಯಾಂಗ್ ಲುಚಾನ್, ವೂ ಯುಶಿಯಾಂಗ್, ಲಿ ಯಿಯು, ಹಾವ್ ವೈಜೆನ್ ಅಂತ ಕಲೆ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋದನ್ನು ಬರೆದಿಟ್ಟರು. ಶೈಲಿ ತನ್ನದು, ಬೇರು ಇವರದ್ದು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕಿದ್ದರೆ ಇದೇ.

ಬದಲಾವಣೆಗೆ ಎಷ್ಟೋ ಸಲ ಗುರುವೇ ಕಾರಣ. ಬಾಗುವಾದ ಮೂಲ ಗುರು ಡಾಂಗ್ ಹೈಚುವಾನ್ ಬೇರೆ ಕಲೆ ಕಲಿತು ಬಂದವರಿಗೆ ಜಾಸ್ತಿ ಕಲಿಸುತ್ತಿದ್ದರು. ಅವರವರಿಗೆ ಬರುತ್ತಿದ್ದ ವಿದ್ಯೆಯ ಮೇಲೇ ಬಾಗುವಾ ಕಟ್ಟಿಕೊಟ್ಟರು. ಕುಸ್ತಿ ಗೊತ್ತಿದ್ದ ಚೆಂಗ್ ಅವರದ್ದು ಒಂದು ಥರ ಆಯಿತು, ಇನ್ನೊಬ್ಬ ಶಿಷ್ಯ ಯಿನ್ ಫು ಅವರದ್ದು ಇನ್ನೊಂದು ಥರ. ಇವರಲ್ಲಿ ಅಸಲಿ ಯಾರು ಅಂತ ಜಗಳ ಆಡುವವರು ಇವತ್ತಿಗೂ ಇದ್ದಾರೆ. ನನ್ನ ಮಟ್ಟಿಗೆ ಅದು ಹೊತ್ತು ಹೋಗದವರ ಜಗಳ.

ಡಾಂಗ್ 1882ರಲ್ಲಿ ತೀರಿಕೊಂಡರು. ಮರುವರ್ಷವೇ ಶಿಷ್ಯರು ಸಮಾಧಿಯ ಬಳಿ ಶಾಸನದ ಕಲ್ಲು ನಿಲ್ಲಿಸಿದರು, ಮುಂದಿನ ಪೀಳಿಗೆಯವರು ಇನ್ನಷ್ಟು ಕಲ್ಲು ಸೇರಿಸಿದರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸಮಾಧಿ ಹಾಳಾಗಿ, ಕಲ್ಲುಗಳು ಮಣ್ಣು ಸೇರಿದ್ದವು. ಬಾಗುವಾ ಅಭ್ಯಾಸಿಗಳು ಅದನ್ನೆಲ್ಲ ಅಗೆದು ತೆಗೆದು, 1980ರ ದಶಕದ ಶುರುವಿನಲ್ಲಿ ಬೀಜಿಂಗ್‌ನ ವಾನ್‌ಆನ್ ಸ್ಮಶಾನಕ್ಕೆ ಸಾಗಿಸಿದರು. ಇವರ ವಂಶಾವಳಿಗೆ 20 ಅಕ್ಷರಗಳ ಒಂದು ಪದ್ಯವೂ ಇದೆ. ಮೊದಲ ಅಕ್ಷರ ಡಾಂಗ್ ಅವರ ಪೀಳಿಗೆಗೆ, ಎರಡನೆಯದು ಅವರ ಶಿಷ್ಯರ ಪೀಳಿಗೆಗೆ, ಹೀಗೆ ಸಾಗುತ್ತದೆ. ಎಲ್ಲೋ ದೂರದ ಊರಿನಲ್ಲಿ ಕಲಿತವನೂ ತಾನು ಎಷ್ಟನೇ ತಲೆಮಾರು ಅಂತ ಲೆಕ್ಕ ಹಾಕಬಹುದು. ಕ್ಲಾಸಿಗೆ ಬಂದು ಫೀಸು ಕಟ್ಟಿದ ಮಾತ್ರಕ್ಕೆ ಈ ಪಟ್ಟಿಗೆ ಹೆಸರು ಸೇರಲ್ಲ. ಗುರುವಿನ ಮುಂದೆ ತಲೆಬಾಗಿ, ಚಹಾ ಕೊಟ್ಟು, ಅವರು ಒಪ್ಪಿ ಶಿಷ್ಯನಾಗಿ ತಗೊಂಡ ಮೇಲೆ ಗುರುವಿನ ಮನೆಯೇ ನಿಮ್ಮ ಮನೆ. ಗುರುವಿನ ಹಿರಿಯ ಸಹಪಾಠಿ ನಿಮಗೆ ದೊಡ್ಡಪ್ಪ, ಕಿರಿಯವರು ಚಿಕ್ಕಪ್ಪ. ಏಪ್ರಿಲ್ ಶುರುವಿನಲ್ಲಿ ಬರುವ ಚಿಂಗ್‌ಮಿಂಗ್ ಹಬ್ಬಕ್ಕೆ ಚೀನೀಯರು ಹಿರಿಯರ ಸಮಾಧಿ ಗುಡಿಸುತ್ತಾರಲ್ಲ, ಗುರುವಿನ ಸಮಾಧಿಗೆ ಹೋಗುವವರೂ ಇದ್ದಾರೆ.

ನನಗೆ ಕಿರಿಕಿರಿ ಆಗುವುದು ಪವಾಡದ ಕಥೆಗಳಿಂದ. ಗುವೊ ಕುದುರೆ ಓಡಿಸುತ್ತಿದ್ದರೆ ಸುನ್ ಅದರ ಬಾಲ ಹಿಡಿದು ಹಿಂದೆಯೇ ಓಡುತ್ತಿದ್ದರಂತೆ. ಕೇಳಲು ಚೆನ್ನಾಗಿದೆ. ಆದರೆ ಇಂಥ ಕಥೆ ಹೇಳಿದಷ್ಟೂ ಆ ಮನುಷ್ಯ ಬೆವರು ಸುರಿಸಿ ಮಾಡಿದ ಕೆಲಸ ಮರೆತುಹೋಗುತ್ತದೆ.

ಸುನ್ 1933ರಲ್ಲಿ ತೀರಿಕೊಂಡರು. ಮಗಳು ಸುನ್ ಜಿಯಾನ್‌ಯುನ್ 2003ರಲ್ಲಿ ಸಾಯುವವರೆಗೂ ಅಪ್ಪನ ಶೈಲಿಯನ್ನು ಕಲಿಸುತ್ತಾ ಬಂದರು. ಮನೆಯ ಹೊರಗೂ ಅದು ಬೇರೆ ದಾರಿ ಹಿಡಿಯಿತು. 1997ರಲ್ಲಿ ಆಸ್ಟ್ರೇಲಿಯಾದ ವೈದ್ಯ ಪಾಲ್ ಲ್ಯಾಮ್ ಸಂಧಿವಾತ ಇರುವವರಿಗಾಗಿ ಒಂದು ತೈಚಿ ಕ್ರಮ ರೂಪಿಸಿದರು. ಅದಕ್ಕೆ ಆಧಾರ ಸುನ್ ಶೈಲಿ. ಮಂಡಿ ಜಾಸ್ತಿ ಬಗ್ಗಿಸಬೇಕಿಲ್ಲ, ಹೆಜ್ಜೆ ಹಗುರ, ವಯಸ್ಸಾದವರಿಗೂ ಆಗುತ್ತದೆ. ಕಾದಾಡಲು ಕಟ್ಟಿದ ಹೆಜ್ಜೆ ಮಂಡಿನೋವಿನವರ ಪಾಲಿಗೆ ಬಂತು. ಆ ಕ್ರಮ ಕಲಿಸುವಾಗಲೂ ಸುನ್ ಅವರ ಹೆಸರು ಹೇಳುತ್ತಾರೆ.

ಹಾಗಾಗಿ ತೈಚಿ ಕ್ಲಾಸಿಗೆ ಸೇರುವ ಮುಂಚೆ ಎರಡು ವಿಷಯ ಕೇಳಿ: ನೀವು ಯಾರ ಹತ್ತಿರ ಕಲಿತಿರಿ, ಅದರಲ್ಲಿ ಏನು ಬದಲಿಸಿದ್ದೀರಿ? ಮೊದಲನೆಯದಕ್ಕೆ ತಡವರಿಸುವವರು, ಎರಡನೆಯದಕ್ಕೆ ‘ಏನೂ ಇಲ್ಲ, ಸಾವಿರ ವರ್ಷದಿಂದ ಹೀಗೇ ಇದೆ’ ಅನ್ನುವವರು, ಇಬ್ಬರ ಹತ್ತಿರವೂ ಫೀಸು ಕಟ್ಟಲು ಅವಸರ ಮಾಡಬೇಡಿ.