ಕೋಡ್ ಕೆಳಗಿನ ಕೆಂಪು ಗೆರೆ ಬಂದ ದಾರಿ

ಕಾಲೇಜು ಲ್ಯಾಬಿನಲ್ಲಿ ಪ್ರೋಗ್ರಾಂ ಬರೆಯಲು ಟರ್ಬೋ ಸಿ ಎಂಬ ಸಾಫ್ಟ್‌ವೇರ್ ಬಳಸಿದವರಿಗೆ ಆ ನೀಲಿ ಪರದೆ ನೆನಪಿರುತ್ತದೆ. ಇಡೀ ಪ್ರೋಗ್ರಾಂ ಟೈಪ್ ಮಾಡಿ ಮುಗಿಸುವವರೆಗೂ ಅದು ತುಟಿ ಬಿಚ್ಚುತ್ತಿರಲಿಲ್ಲ. ಆಲ್ಟ್ ಹಿಡಿದು ಎಫ್9 ಒತ್ತಿದ ಮೇಲೆ ಕೆಳಗೆ ಎರರ್‌ಗಳ ಸಾಲು. ಹತ್ತನೇ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟಿದ್ದರೆ ಅದು ಹನ್ನೊಂದನೇ ಸಾಲನ್ನು ತೋರಿಸುತ್ತಿತ್ತು, ಯಾಕಂದ್ರೆ ಮುಂದಿನ ಪದ ಓದಿದಾಗಲೇ ಹಿಂದೆ ಏನೋ ಬಿಟ್ಟುಹೋಗಿದೆ ಅಂತ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಗೊತ್ತಾಗೋದು. ಹೊಸದಾಗಿ ಕಲಿಯುವವರು ಸರಿಯಾಗಿಯೇ ಇದ್ದ ಹನ್ನೊಂದನೇ ಸಾಲನ್ನು ದಿಟ್ಟಿಸುತ್ತಾ ಕೂತಿರುತ್ತಿದ್ದರು.

ಈಗ ಹಾಗಲ್ಲ. ಬೆರಳು ಕೀಲಿಯಿಂದ ಎದ್ದ ಅರೆಗಳಿಗೆಯಲ್ಲೇ ತಪ್ಪಿನ ಕೆಳಗೆ ಕೆಂಪು ಅಂಕುಡೊಂಕು ಗೆರೆ ಮೂಡುತ್ತದೆ. ಸುಮ್ನೆ ನೋಡಿದರೆ ಸಣ್ಣ ಸೌಕರ್ಯ ಅನ್ನಿಸುತ್ತೆ. ಆದರೆ ತಪ್ಪು ಮಾಡಿದ ಗಳಿಗೆಗೂ ತಪ್ಪು ಗೊತ್ತಾದ ಗಳಿಗೆಗೂ ನಡುವೆ ಇರುವ ಅಂತರವನ್ನು ಕಡಿಮೆ ಮಾಡಲು ಸುಮಾರು ಐವತ್ತು ವರ್ಷ ಹಿಡಿದಿದೆ.

ಮೊದಲು ಆ ಅಂತರ ಗಂಟೆಗಳ ಲೆಕ್ಕದಲ್ಲಿತ್ತು. ರಟ್ಟಿನ ಮೇಲೆ ತೂತು ಕೊರೆದು ಪ್ರೋಗ್ರಾಂ ಬರೆಯುತ್ತಿದ್ದ ಪಂಚ್ ಕಾರ್ಡುಗಳ ಕಾಲದಲ್ಲಿ ಕಾರ್ಡಿನ ಕಟ್ಟು ಕೊಟ್ಟು ಬಂದು, ಪ್ರಿಂಟ್‌ಔಟ್ ಬರುವವರೆಗೆ ಕಾಯಬೇಕಿತ್ತು. ಕೆಲವು ಕಡೆ ಮಾರನೇ ದಿನದವರೆಗೂ. ಒಂದು ಕಾಮಾ ತಪ್ಪಿದರೆ ಆ ದಿನ ಹೋದಂತೆಯೇ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಟಿಮ್ ಟೈಟೆಲ್‌ಬಾಮ್ ಮತ್ತು ಥಾಮಸ್ ರೆಪ್ಸ್ ಬೇರೆಯದೇ ದಾರಿ ಹಿಡಿದರು. ಅವರು ಕಟ್ಟಿದ ಪ್ರೋಗ್ರಾಂ ಸಿಂಥಸೈಜರ್ ಎಂಬ, ಕೋಡ್ ಟೈಪ್ ಮಾಡುವ ಎಡಿಟರ್‌ಗೆ ಭಾಷೆಯ ವ್ಯಾಕರಣ ಗೊತ್ತಿತ್ತು. ಇಫ್, ವೈಲ್ ಎಲ್ಲ ಸಿದ್ಧ ಅಚ್ಚಾಗಿ ಬರುತ್ತಿದ್ದವು, ನಡುವಿನ ಖಾಲಿ ಜಾಗ ತುಂಬಿಸಿದರೆ ಅಲ್ಲೇ ಪರೀಕ್ಷೆ ಆಗುತ್ತಿತ್ತು. ಯೋಚನೆ ತುಂಬ ಚೆನ್ನಾಗಿತ್ತು. ಆದರೆ ಪ್ರೋಗ್ರಾಂ ಬರೆಯೋರಿಗೆ ಮನಸ್ಸಿಗೆ ಬಂದಂತೆ ಟೈಪ್ ಮಾಡುವ ಸ್ವಾತಂತ್ರ್ಯ ಬೇಕು, ಅಲ್ವಾ? ಅಚ್ಚಿನ ದಾರಿ ಹೆಚ್ಚು ಜನರಿಗೆ ಹಿಡಿಸಲಿಲ್ಲ.

1983ರ ಟರ್ಬೋ ಪ್ಯಾಸ್ಕಲ್ ಎಡಿಟರನ್ನೂ ಕಂಪೈಲರನ್ನೂ ಒಂದೇ ಕಡೆ ಇಟ್ಟಿತು. ಬೆಲೆ 49.95 ಡಾಲರ್. ಮೊದಲ ತಪ್ಪು ಸಿಕ್ಕ ಕೂಡಲೇ ನಿಂತು, ಕರ್ಸರನ್ನು ಅಲ್ಲಿಗೇ ತಂದಿಡುತ್ತಿತ್ತು. ಕಾಯುವುದು ಸೆಕೆಂಡುಗಳಿಗೆ ಇಳಿಯಿತು, ಆದರೂ ಕೇಳಿದಾಗ ಮಾತ್ರ ಉತ್ತರ. ಆಮೇಲೆ ಬಂದ ವಿಷುವಲ್ ಬೇಸಿಕ್ ಕೇಳದೆಯೇ ಹೇಳಿತು. ಸಾಲು ಬಿಟ್ಟು ಆಚೆ ಹೋದರೆ ಸಾಕು, ಧಡಕ್ಕನೆ ಒಂದು ಬಾಕ್ಸ್ ಎದ್ದು ನಿಲ್ಲುತ್ತಿತ್ತು. ಬೇರೆ ಕಡೆಯಿಂದ ಒಂದು ಹೆಸರು ಕಾಪಿ ಮಾಡೋಣ ಅಂತ ಅರ್ಧ ಸಾಲಿಗೆ ಎದ್ದರೂ ಅದೇ ಬಾಕ್ಸ್, ಓಕೆ ಒತ್ತದೆ ಬಿಡುವುದಿಲ್ಲ. ಎಷ್ಟೋ ಜನ ಆ ಸೆಟ್ಟಿಂಗನ್ನೇ ಆಫ್ ಮಾಡಿಬಿಟ್ಟರು.

ಕೆಲಸಕ್ಕೆ ಅಡ್ಡ ಬರದೆ ತಪ್ಪು ತೋರಿಸುವ ಉಪಾಯವನ್ನು ಜನ ವರ್ಡ್ 95ರಲ್ಲಿ ಆಗಲೇ ನೋಡಿದ್ದರು. ಸ್ಪೆಲ್ಲಿಂಗ್ ತಪ್ಪಿನ ಕೆಳಗೆ ಕೆಂಪು ಗೆರೆ, ಅಷ್ಟೇ, ಬೇಕಾದಾಗ ತಿದ್ದಿಕೊಳ್ಳಿ. 2001ರಲ್ಲಿ ಜೆಟ್‌ಬ್ರೇನ್ಸ್‌ನ ಇಂಟೆಲಿಜೆ ಐಡಿಯಾ ಬಂತು, ಅದೇ ವರ್ಷ ಐಬಿಎಂ ಎಕ್ಲಿಪ್ಸ್ ಬಿಡುಗಡೆ ಮಾಡಿತು. ಎರಡೂ ಜಾವಾ ಭಾಷೆಯಲ್ಲಿ ಕೋಡ್ ಬರೆಯುವ ಸಾಧನಗಳು. ಜಾವಾ ಬರೆಯೋರಿಗೆ ಇಂಥ ಗೆರೆ ದಿನನಿತ್ಯದ ಸಂಗತಿಯಾಯಿತು.

ಇಲ್ಲಿ ಕಷ್ಟದ ಕೆಲಸ ಗೆರೆ ಎಳೆಯುವುದಲ್ಲ. ಟೈಪ್ ಮಾಡುವಾಗ ಕೋಡ್ ಹೆಚ್ಚಿನ ಹೊತ್ತು ಮುರಿದೇ ಇರುತ್ತದೆ. ಆವರಣ ತೆರೆದಿದ್ದೀರಿ, ಮುಚ್ಚಿಲ್ಲ. ಫಂಕ್ಷನ್ ಹೆಸರು ಅರ್ಧ ಬರೆದಿದ್ದೀರಿ. ಹಳೆ ಕಾಲದ ಕಂಪೈಲರ್ ಇಂಥದ್ದನ್ನು ಕಂಡರೆ ಕೈಚೆಲ್ಲುತ್ತಿತ್ತು. ಎಡಿಟರ್ ಹಿಂದಿರುವ ಕಂಪೈಲರ್ ಮಾತ್ರ ಹರಿದ ಜಾಗಕ್ಕೆ ತೇಪೆ ಹಾಕಿಕೊಂಡು ಉಳಿದದ್ದನ್ನು ಅರ್ಥ ಮಾಡಿಕೊಳ್ಳಬೇಕು, ಬದಲಾದ ಭಾಗವನ್ನಷ್ಟೇ ಮತ್ತೆ ನೋಡಬೇಕು, ನೀವು ಟೈಪ್ ಮಾಡುವುದನ್ನು ಒಂದು ಕ್ಷಣವೂ ನಿಲ್ಲಿಸಬಾರದು. ಈ ಕೊನೆಯದೇ ವಿಮ್ ಎಂಬ ಎಡಿಟರ್ ಬಳಸುವವರನ್ನು ಬಹಳ ಕಾಲ ಕಾಡಿತು. ಅದಕ್ಕೆ ಸೇರಿಸಿಕೊಳ್ಳುವ ಸಿಂಟಾಸ್ಟಿಕ್ ಎಂಬ ಪ್ಲಗಿನ್ (ಹೆಚ್ಚುವರಿ ತುಣುಕು) ಫೈಲ್ ಸೇವ್ ಮಾಡಿದಾಗ ತಪ್ಪು ಹುಡುಕುತ್ತಿತ್ತು, ಅದು ಮುಗಿಯುವವರೆಗೆ ಎಡಿಟರ್ ಕಲ್ಲಾಗುತ್ತಿತ್ತು. 2016ರಲ್ಲಿ ಬಂದ ವಿಮ್ 8 ಇಂಥ ಕೆಲಸವನ್ನು ಹಿನ್ನೆಲೆಯಲ್ಲಿ ಓಡಿಸಲು ದಾರಿ ಮಾಡಿಕೊಟ್ಟಿತು.

ನನ್ನ ಪ್ರಕಾರ ಇಡೀ ಕಥೆಯಲ್ಲಿ ದೊಡ್ಡ ತಿರುವು ಬಂದದ್ದೂ ಅದೇ ವರ್ಷ. ಅಲ್ಲಿಯವರೆಗೆ ಪ್ರತಿ ಎಡಿಟರಿಗೂ ಪ್ರತಿ ಭಾಷೆಗೂ ಬೇರೆ ಬೇರೆ ಪ್ಲಗಿನ್ ಬರೆಯಬೇಕಿತ್ತು. ಹತ್ತು ಎಡಿಟರ್, ಹತ್ತು ಭಾಷೆ ಅಂದರೆ ನೂರು ಪ್ಲಗಿನ್. 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಲ್ಯಾಂಗ್ವೇಜ್ ಸರ್ವರ್ ಪ್ರೊಟೋಕಾಲ್ ಪ್ರಕಟಿಸಿದವು. ಎಡಿಟರ್ ಮತ್ತು ಸರ್ವರ್ ಎಂಬ ಎರಡು ಪ್ರೋಗ್ರಾಂಗಳು ಹೇಗೆ ಮಾತಾಡಬೇಕು ಅನ್ನುವ ನಿಯಮ ಇದು. ಭಾಷೆ ಬಲ್ಲ ಸರ್ವರ್ ಬೇರೆ, ಎಡಿಟರ್ ಬೇರೆ. ಫೈಲ್ ಹೀಗೆ ಬದಲಾಯಿತು ಅಂತ ಎಡಿಟರ್ ಹೇಳುತ್ತದೆ, ಇಂಥ ಸಾಲಿನ ಇಂಥ ಜಾಗದಲ್ಲಿ ತಪ್ಪಿದೆ ಅಂತ ಸರ್ವರ್ ಹೇಳುತ್ತದೆ. ನೂರರ ಲೆಕ್ಕ ಇಪ್ಪತ್ತಕ್ಕೆ ಇಳಿಯಿತು. ಹಳೇ ಲ್ಯಾಪ್‌ಟಾಪಿನಲ್ಲಿ ಪುಟ್ಟ ಎಡಿಟರ್ ಇಟ್ಟುಕೊಂಡಿರುವ ವಿದ್ಯಾರ್ಥಿಗೂ ದೊಡ್ಡ ಕಂಪನಿಯ ಎಂಜಿನಿಯರಿಗೆ ಸಿಗುವ ಎಚ್ಚರಿಕೆಯೇ ಸಿಗುವಂತಾಯಿತು.

ಬೇಗ ಹೇಳುವುದಕ್ಕೆ ಯಾಕಿಷ್ಟು ಬೆಲೆ ಅಂತ ಕೇಳಿದರೆ ಫೇಸ್‌ಬುಕ್‌ನವರ ಅನುಭವ ನೋಡಿ. ಇನ್ಫರ್ ಎಂಬ ದೋಷ ಹುಡುಕುವ ಸಾಧನ ಮೊದಲು ಎಚ್ಚರಿಕೆಗಳ ಪಟ್ಟಿಯನ್ನು ಆಮೇಲೆ ಒಟ್ಟಿಗೆ ಕಳಿಸುತ್ತಿದ್ದಾಗ ತಿದ್ದಿದವರು ಹೆಚ್ಚುಕಡಿಮೆ ಯಾರೂ ಇಲ್ಲ. ಅದೇ ಸಾಧನ, ಅಂಥವೇ ಎಚ್ಚರಿಕೆಗಳು, ಕೋಡ್ ಇನ್ನೂ ಪರಿಶೀಲನೆಯಲ್ಲಿ ಇರುವಾಗಲೇ ಕೊಟ್ಟಾಗ ಶೇ. 70ಕ್ಕೂ ಜಾಸ್ತಿ ತಿದ್ದುಪಡಿ ಆದವು. ಬರೆದವರ ತಲೆಯಲ್ಲಿ ಆ ಕೋಡ್ ಇನ್ನೂ ಬಿಸಿಯಾಗಿರುತ್ತೆ, ಅದಕ್ಕೆ.

ಕನ್ನಡದವರು ಗಮನಿಸಬೇಕಾದ ಒಂದು ಸಂಗತಿ ಈ ಪ್ರೊಟೋಕಾಲ್ ಒಳಗೇ ಇದೆ. ಕೋಡಿನಲ್ಲಿ 'ಕನ್ನಡ' ಅಂತ ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕಕ್ಕೆ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರದ ಚಿಹ್ನೆಯೂ (್) ಸೇರಿ ಐದು. ಆ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಒಂದು ವಿಧಾನವಾದ ಯುಟಿಎಫ್-8ರಲ್ಲಿ ಹದಿನೈದು ಬೈಟ್. ಸಾಲಿನಲ್ಲಿ ತಪ್ಪು ಎಷ್ಟನೇ ಸ್ಥಾನದಲ್ಲಿದೆ ಅಂತ ಹೇಳಲು ಪ್ರೊಟೋಕಾಲ್ ಮೊದಲಿನಿಂದಲೂ ಇನ್ನೊಂದು ವಿಧಾನವಾದ ಯುಟಿಎಫ್-16ರ ಲೆಕ್ಕ ಕೇಳುತ್ತಿತ್ತು, ಅದರಲ್ಲಿ ಐದು. ಸರ್ವರ್ ಬರೆದವರು ಇದನ್ನು ಮರೆತು ಬೈಟ್ ಎಣಿಸಿದರೆ, ಅದೇ ಸಾಲಿನಲ್ಲಿ ಮುಂದೆ ಇರುವ ತಪ್ಪಿನ ಗೆರೆ ಹತ್ತು ಸ್ಥಾನ ಆಚೆ ಹೋಗಿ ಬೀಳುತ್ತದೆ. ಇಂಗ್ಲಿಷ್ ಮಾತ್ರ ಹಾಕಿ ಪರೀಕ್ಷಿಸಿದರೆ ಮೂರು ಲೆಕ್ಕವೂ ಒಂದೇ ಆಗುವುದರಿಂದ ಈ ದೋಷ ಕಾಣುವುದೇ ಇಲ್ಲ. ಯಾವ ಲೆಕ್ಕ ಅಂತ ಎಡಿಟರ್ ಮತ್ತು ಸರ್ವರ್ ಮೊದಲೇ ಮಾತಾಡಿಕೊಳ್ಳುವ ಅವಕಾಶ 2022ರ 3.17ನೇ ಆವೃತ್ತಿಯಲ್ಲಿ ಬಂತು. ನೀವು ಬಳಸುವ ಎಡಿಟರಿನಲ್ಲಿ ಒಂದು ಕನ್ನಡ ಪದ ಹಾಕಿ, ಅದೇ ಸಾಲಿನಲ್ಲಿ ಮುಂದೆ ಬೇಕಂತಲೇ ಒಂದು ತಪ್ಪು ಮಾಡಿ ನೋಡಿ. ಗೆರೆ ಬೇರೆ ಕಡೆ ಬಿದ್ದರೆ ಆ ಸರ್ವರ್ ಬರೆದವರಿಗೆ ಬಗ್ ರಿಪೋರ್ಟ್ ಹಾಕಿ.