ಆಂಟನ್ ಡಿ ಬಾರಿ: ರೋಗ ಮೊದಲೋ, ಶಿಲೀಂಧ್ರ ಮೊದಲೋ?

ಪಠ್ಯಪುಸ್ತಕಗಳಲ್ಲಿ ಆಂಟನ್ ಡಿ ಬಾರಿಯ ಹೆಸರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ‘ಆಧುನಿಕ ಸಸ್ಯರೋಗಶಾಸ್ತ್ರದ ಪಿತಾಮಹ’. ಬಿರುದು ಬಾಯಿಪಾಠ ಮಾಡಿದರೆ ಒಂದು ಅಂಕ ಸಿಕ್ಕೀತು. ಆದರೆ ಆತ ಯಾರ ವಿರುದ್ಧ ಏನನ್ನು ವಾದಿಸಿದ, ಅದನ್ನು ಹೇಗೆ ತೋರಿಸಿಕೊಟ್ಟ ಎಂಬುದು ಗೊತ್ತಾಗದಿದ್ದರೆ ಮುಂದಿನ ಪಾಠಗಳೆಲ್ಲ ಬರೀ ಲ್ಯಾಟಿನ್ ಹೆಸರುಗಳ ಪಟ್ಟಿಯಾಗಿ ಉಳಿಯುತ್ತವೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಬದುಕಿನ ವಿವರ ಕಡಿಮೆ, ಪ್ರಯೋಗಗಳ ವಿವರ ಹೆಚ್ಚು.

ಡಿ ಬಾರಿ ಹುಟ್ಟಿದ್ದು 1831ರ ಜನವರಿ 26ರಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ತಂದೆ ವೈದ್ಯ. ಮಗನೂ ಹೈಡೆಲ್‌ಬರ್ಗ್, ಮಾರ್ಬರ್ಗ್, ಬರ್ಲಿನ್‌ಗಳಲ್ಲಿ ವೈದ್ಯಕೀಯ ಓದಿ 1853ರಲ್ಲಿ ಪದವಿ ಪಡೆದ. ವೈದ್ಯವೃತ್ತಿ ಹೆಚ್ಚು ದಿನ ನಡೆಯಲಿಲ್ಲ. ಫ್ರೈಬರ್ಗ್, ಹಾಲೆ, ಕೊನೆಗೆ 1872ರಿಂದ ಸ್ಟ್ರಾಸ್‌ಬರ್ಗ್, ಹೀಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿಯೇ ಜೀವನ ಸಾಗಿತು.

ಪದವಿ ಪಡೆದ ವರ್ಷವೇ, ಅಂದರೆ 22ನೆಯ ವಯಸ್ಸಿನಲ್ಲಿ, ಕಾಡಿಗೆ ರೋಗ ಮತ್ತು ತುಕ್ಕು ರೋಗದ ಶಿಲೀಂಧ್ರಗಳ ಬಗ್ಗೆ ಆತನ ಪುಸ್ತಕ ಹೊರಬಂತು. ಆ ಕಾಲದಲ್ಲಿ ಫ್ರಾನ್ಜ್ ಉಂಗರ್‌ನಂಥ ದೊಡ್ಡ ವಿದ್ವಾಂಸರ ನಂಬಿಕೆ ಬೇರೆಯೇ ಇತ್ತು. ಗಿಡದೊಳಗಿನ ರಸ ಕೆಟ್ಟಾಗ ಅದೇ ಹೊರಗೆ ಶಿಲೀಂಧ್ರದ ರೂಪದಲ್ಲಿ ಒಡೆದು ಬರುತ್ತದೆ, ಅಂದರೆ ರೋಗ ಮೊದಲು, ಶಿಲೀಂಧ್ರ ಅದರ ಫಲ ಎಂಬುದು ಅವರ ಮತ. ಹುಡುಗ ಡಿ ಬಾರಿ ಇದನ್ನು ತಿರುಗಿಸಿ ಹಾಕಿದ: ಶಿಲೀಂಧ್ರ ಹೊರಗಿನಿಂದ ಬಂದ ಸ್ವತಂತ್ರ ಜೀವಿ, ರೋಗ ಅದರ ಕೆಲಸ. ಆಗ ಲೂಯಿ ಪಾಸ್ಚರ್‌ನ ಪ್ರಸಿದ್ಧ ಪ್ರಯೋಗಗಳು ಇನ್ನೂ ನಡೆದಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಈಗ ಆಲೂಗಡ್ಡೆಗೆ ಬರೋಣ. 1845ರಿಂದ ಐರ್ಲೆಂಡಿನಲ್ಲಿ ಅಂಗಮಾರಿ ರೋಗ ಬೆಳೆಯನ್ನು ಕೊಳೆಸಿ ಹಾಕಿತು. ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಇಂಗ್ಲೆಂಡಿನ ಪಾದ್ರಿ ಮೈಲ್ಸ್ ಬರ್ಕ್ಲಿ 1846ರಲ್ಲೇ ಇದಕ್ಕೆ ಶಿಲೀಂಧ್ರವೇ ಕಾರಣ ಎಂದಿದ್ದ. ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಒಪ್ಪಲಿಲ್ಲ. ಬಿಡದೆ ಸುರಿದ ಮಳೆ, ಥಂಡಿ, ಗಿಡದೊಳಗೆ ಮಿತಿಮೀರಿ ಸೇರಿದ ನೀರು, ಇವೇ ಕೊಳೆತಕ್ಕೆ ಕಾರಣ ಎಂದು ಆತ ವಾದಿಸಿದ. ಬರ್ಕ್ಲಿಯ ಬಳಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಚಿತ್ರಗಳಿದ್ದವು, ಆದರೆ ಆರೋಗ್ಯವಂತ ಗಿಡಕ್ಕೆ ರೋಗ ಹತ್ತಿಸಿ ತೋರಿಸಿದ ಸಾಕ್ಷ್ಯ ಇರಲಿಲ್ಲ.

ಆ ಕೊರತೆಯನ್ನು ತುಂಬಿದ್ದು 1861ರಲ್ಲಿ ಡಿ ಬಾರಿ. ಪ್ರಯೋಗ ಸರಳ. ಆರೋಗ್ಯವಾಗಿದ್ದ ಆಲೂಗಡ್ಡೆ ಗಿಡಗಳನ್ನು ಎರಡು ಗುಂಪು ಮಾಡಿ ಎರಡನ್ನೂ ಒಂದೇ ರೀತಿಯ ತಂಪು, ತೇವದ ಹವೆಯಲ್ಲಿಟ್ಟ. ಒಂದು ಗುಂಪಿಗೆ ಮಾತ್ರ ರೋಗದ ಎಲೆಯಿಂದ ತೆಗೆದ ಬೀಜಕಗಳನ್ನು, ಅಂದರೆ ಶಿಲೀಂಧ್ರ ಹರಡುವ ಸೂಕ್ಷ್ಮ ಕಣಗಳನ್ನು, ಹಚ್ಚಿದ. ಬೀಜಕ ಹಚ್ಚಿದವು ಕಪ್ಪಾಗಿ ಕೊಳೆತವು, ಉಳಿದವು ಹಸಿರಾಗಿಯೇ ಇದ್ದವು. ಹವೆ ಎರಡಕ್ಕೂ ಒಂದೇ ಆದ ಮೇಲೆ ಹವೆಯೇ ಕಾರಣ ಎನ್ನಲು ದಾರಿಯಿಲ್ಲ.

ಅಷ್ಟಕ್ಕೇ ಬಿಡದೆ ಎಲೆಯ ಮೇಲೆ ಏನು ನಡೆಯುತ್ತದೆ ಎಂದು ಆತ ಕೂತು ನೋಡಿದ. ನಿಂಬೆಹಣ್ಣಿನ ಆಕಾರದ ಪುಟ್ಟ ಬೀಜಕಚೀಲವೊಂದು ತಣ್ಣನೆಯ ನೀರಹನಿಯಲ್ಲಿ ಬೀಳುತ್ತದೆ. ಒಳಗಿನ ದ್ರವ್ಯ ಹಲವು ತುಂಡಾಗಿ, ಚೀಲದ ತುದಿ ತೆರೆದು, ಒಂದೊಂದು ತುಂಡೂ ಈಜುತ್ತ ಹೊರಬರುತ್ತದೆ. ಇವೇ ಚಲಬೀಜಕಗಳು. ಸ್ವಲ್ಪ ಹೊತ್ತು ಈಜಿ ನಿಲ್ಲುತ್ತವೆ, ದುಂಡಗಾಗುತ್ತವೆ, ಸಣ್ಣ ಕೊಳವೆ ಹೊರಡಿಸಿ ಎಲೆಯ ಹೊರಚರ್ಮವನ್ನು ತೂರಿ ಒಳಹೊಗುತ್ತವೆ. ಈ ಹಂತವನ್ನು ಕಂಡರೆ ಲಿಂಡ್ಲಿಯದೂ ಪೂರ್ತಿ ತಪ್ಪಲ್ಲ ಎಂದು ತಿಳಿಯುತ್ತದೆ: ನೀರಿಲ್ಲದೆ ಚಲಬೀಜಕ ಈಜಲಾರದು. ತೇವ ಬೇಕೇ ಬೇಕು, ಆದರೆ ಅದು ಅನುಕೂಲವೇ ಹೊರತು ಕಾರಣವಲ್ಲ. ಈ ವ್ಯತ್ಯಾಸ ಬರೆಯದೆ ಬಿಟ್ಟ ಉತ್ತರ ಅರೆ ಉತ್ತರ. ಈ ಜೀವಿಗೆ ಫೈಟಾಫ್ತೊರಾ ಎಂಬ ಕುಲನಾಮವನ್ನು ಡಿ ಬಾರಿ ಕೊಟ್ಟದ್ದು 1876ರಲ್ಲಿ. ಇಂದಿನ ವರ್ಗೀಕರಣ ಇದನ್ನು ನಿಜವಾದ ಶಿಲೀಂಧ್ರ ಎನ್ನುವುದಿಲ್ಲ. ಕೋಶಭಿತ್ತಿಯಲ್ಲಿ ಮುಖ್ಯವಾಗಿ ಶಿಲೀಂಧ್ರಗಳಲ್ಲಿರುವ ಕೈಟಿನ್ ಬದಲು ಸೆಲ್ಯುಲೋಸ್ ಮತ್ತು ಗ್ಲೂಕಾನ್‌ಗಳಿರುವ ಊಮೈಸಿಟ್ ಗುಂಪಿಗೆ, ಕಂದು ಪಾಚಿಗಳ ಸಮೀಪಕ್ಕೆ, ಸೇರಿಸುತ್ತದೆ.

ನನ್ನ ಮಟ್ಟಿಗೆ ಆತನ ಅತ್ಯಂತ ಚಂದದ ಕೆಲಸ ಗೋಧಿಯ ಕಾಂಡದ ತುಕ್ಕು ರೋಗದ್ದು. ಬಾರ್ಬೆರಿ ಎಂಬ ಮುಳ್ಳುಪೊದೆ ಹೊಲದ ಬದುವಿನಲ್ಲಿದ್ದರೆ ಗೋಧಿಗೆ ತುಕ್ಕು ಬರುತ್ತದೆ ಎಂದು ರೈತರು ಹೇಳುತ್ತಲೇ ಇದ್ದರು. ಅಮೆರಿಕದ ಕನೆಕ್ಟಿಕಟ್ ವಸಾಹತಿನಲ್ಲಿ 1726ರಲ್ಲೇ ಬಾರ್ಬೆರಿ ಕೀಳಿಸಲು ಕಾನೂನು ಬಂದಿತ್ತು. ಪಂಡಿತರು ನಂಬಿರಲಿಲ್ಲ, ಏಕೆಂದರೆ ಬಾರ್ಬೆರಿ ಎಲೆಯ ಮೇಲಿನ ತುಕ್ಕು ನೋಡಲು ಬೇರೆ, ಅದಕ್ಕಿದ್ದ ಹೆಸರೂ ಬೇರೆ. ಚಳಿಗಾಲ ಕಳೆದ ಗೋಧಿಹುಲ್ಲಿನ ಕಪ್ಪು ಬೀಜಕಗಳನ್ನು ಡಿ ಬಾರಿ ಮೊಳೆಯಿಸಿದ. ಅದರಿಂದ ಬಂದ ಪುಟ್ಟ ಬೀಜಕಗಳನ್ನು ಗೋಧಿ ಎಲೆಗೆ ಹಚ್ಚಿದರೆ ಏನೂ ಆಗಲಿಲ್ಲ. ಬಾರ್ಬೆರಿ ಎಲೆಗೆ ಹಚ್ಚಿದರೆ ಹತ್ತಿಕೊಂಡಿತು. ಅಲ್ಲಿ ಹುಟ್ಟಿದ ಬೀಜಕಗಳನ್ನು 1865ರಲ್ಲಿ ಗೋಧಿಯಂಥದೇ ಧಾನ್ಯವಾದ ರೈ ಬೆಳೆಯ ಮೇಲೆ ಹಾಕಿದಾಗ ತುಕ್ಕು ಕಾಣಿಸಿತು. ಎರಡು ಎಂದುಕೊಂಡಿದ್ದ ಜೀವಿಗಳು ಒಂದೇ! ಎರಡು ಬೇರೆ ಬೇರೆ ಆತಿಥೇಯ ಸಸ್ಯಗಳಲ್ಲಿ ಬಾಳುವ ಜೀವನಚಕ್ರ ಹೀಗೆ ಬೆಳಕಿಗೆ ಬಂತು.

ಇಲ್ಲೊಂದು ಎಚ್ಚರಿಕೆ. ಭಾರತದ ಪ್ರಶ್ನೆ ಬಂದಾಗ ಬಾರ್ಬೆರಿಯನ್ನು ಎಳೆದು ತರಬೇಡಿ. ನಮ್ಮಲ್ಲಿ ಅದಕ್ಕೆ ಆ ಪಾತ್ರವಿಲ್ಲ ಎಂದು ಆಗ್ರಾದ ಕೆ. ಸಿ. ಮೆಹ್ತಾ ತೋರಿಸಿದ್ದಾರೆ, ನೀಲಗಿರಿಯಂಥ ಬೆಟ್ಟಗಳಲ್ಲಿ ಬದುಕುಳಿಯುವ ತುಕ್ಕು ಗಾಳಿಯಲ್ಲಿ ಬಯಲಿಗೆ ಬರುತ್ತದೆ.

ಡಿ ಬಾರಿಯ ಬಳಿ ಕಲಿತವರ ಪಟ್ಟಿ ದೊಡ್ಡದು: ರಷ್ಯಾದ ವೊರೊನಿನ್ ಮತ್ತು ವಿನೊಗ್ರಾಡ್‌ಸ್ಕಿ, ಅಮೆರಿಕದ ಫಾರ್ಲೋ. ನಮಗೆ ಹತ್ತಿರದವನು ಫ್ರಾನ್ಸಿನ ಮಿಲಾರ್ಡೆ. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಮೆಡಾಕ್ ಪ್ರದೇಶದ ರೈತರು ರಸ್ತೆಬದಿಯ ಬಳ್ಳಿಗಳಿಗೆ ತಾಮ್ರ ಬೆರೆತ ಮದ್ದನ್ನು ಎರಚುತ್ತಿದ್ದರು. ಬೂಜುರೋಗದಲ್ಲಿ ಉಳಿದ ಬಳ್ಳಿಗಳ ಎಲೆ ಉದುರಿದ್ದಾಗ ಇವುಗಳ ಎಲೆ ಮಾತ್ರ ಉಳಿದಿದ್ದನ್ನು 1882ರಲ್ಲಿ ಆತ ಗಮನಿಸಿ, 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೂ ಕಾರಣ ಫೈಟಾಫ್ತೊರಾ ಕುಲದ್ದೇ ಜೀವಿ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಇದನ್ನು ಅಧ್ಯಯನ ಮಾಡಿ ಬೋರ್ಡೋ ಸಿಂಪಡಣೆಯನ್ನು ಸೂಚಿಸಿದ. ಅದಕ್ಕೂ ಹಿಂದಿನಿಂದ ಬಂದದ್ದು ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವ ಕ್ರಮ. ಇಂದಿಗೂ ಮಳೆಗಾಲಕ್ಕೆ ಮುಂಚೆ 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಬೆರೆಸುತ್ತಾರೆ. ಕಬ್ಬಿಣದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ತಾಮ್ರದ ಲೇಪ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ.

ಉಳಿದದ್ದು ಸಹಜೀವನ. 1878ರಲ್ಲಿ ಕಾಸೆಲ್ ನಗರದ ಉಪನ್ಯಾಸದಲ್ಲಿ ಡಿ ಬಾರಿ ಇದನ್ನು ‘ಬೇರೆ ಬೇರೆ ಜಾತಿಯ ಜೀವಿಗಳು ಒಟ್ಟಿಗೆ ಬಾಳುವುದು’ ಎಂಬರ್ಥದಲ್ಲಿ ವಿವರಿಸಿದ. ಶಿಲೀಂಧ್ರವೂ ಪಾಚಿಯೂ ಕೂಡಿದ ಕಲ್ಲುಹೂವು ಆತನ ಮುಖ್ಯ ಉದಾಹರಣೆಗಳಲ್ಲೊಂದು. ಇಬ್ಬರಿಗೂ ಲಾಭವಿರಲೇಬೇಕು ಎಂದು ಆತ ಹೇಳಲಿಲ್ಲ. ಪರಾವಲಂಬನೆಯೂ ಆತನ ಲೆಕ್ಕದಲ್ಲಿ ಸಹಜೀವನದ ಒಂದು ಬಗೆಯೇ. ಈಗಿನ ಎಷ್ಟೋ ಪುಸ್ತಕಗಳು ಪರಸ್ಪರ ಲಾಭದ ಸಂಬಂಧವನ್ನಷ್ಟೇ ಸಹಜೀವನ ಎನ್ನುತ್ತವೆ. ಹಾಗಾಗಿ ‘ಡಿ ಬಾರಿಯ ವ್ಯಾಖ್ಯೆ’ ಎಂದು ಕೇಳಿದಾಗ ವಿಶಾಲ ಅರ್ಥವನ್ನೇ ಬರೆಯಿರಿ, ಉದಾಹರಣೆಗೆ ಕಲ್ಲುಹೂವಿನ ಜೊತೆ ಒಂದು ಪರಾವಲಂಬಿಯನ್ನೂ ಕೊಡಿ.